ವಿದ್ಯುತ್ ಸರಕು ವಾಹನ: ಮೊದಲು ತೂಕ ನೋಡಿ

ಡೀಸೆಲ್ ವೆಚ್ಚದಿಂದ ಬೇಸತ್ತ ಸೇಡಂ, ಚಿತ್ತಾಪುರ ಭಾಗದ ವರ್ತಕ ಬಾಂಧವರು ವಿದ್ಯುತ್ ಸರಕು ವಾಹನದತ್ತ ನೋಡುವುದು ಸಹಜ. ಆದರೆ ನಿರ್ಧಾರವು ಸರಕಿನ ತೂಕವನ್ನು ಅವಲಂಬಿಸಬೇಕು. 2022ರಲ್ಲಿ ಬಂದ ಟಾಟಾ ಏಸ್ ಇ.ವಿ. ಹೊರುವ ಭಾರ 600 ಕೆ.ಜಿ.; 2024ರ ಮಾದರಿಯದು ಒಂದು ಟನ್. ಅಂಗುಲ ದಪ್ಪದ ಶಹಾಬಾದ್ ಕಲ್ಲು ಚದರಡಿಗೆ ಸುಮಾರು 6 ಕೆ.ಜಿ. ತೂಗುತ್ತದೆ. ಎಂದರೆ 600 ಕೆ.ಜಿ.ಗೆ 100 ಚದರಡಿ ಕಲ್ಲು, ಇಲ್ಲವೇ 12 ಚೀಲ ಸಿಮೆಂಟು ಮಾತ್ರ. ಈ ವ್ಯಾಪಾರಕ್ಕೆ ಅದು ಒಗ್ಗದು. ವಾಡಿ–ಶಹಾಬಾದ್ ನಡುವೆ ನಿತ್ಯ ಕಿರಾಣಿ, ಔಷಧ ಹಂಚಿ, ರಾತ್ರಿ ಅಂಗಡಿಯಲ್ಲೇ ಚಾರ್ಜ್ ಮಾಡಬಲ್ಲವರಿಗೆ ಉಳಿತಾಯವಾದೀತು. ಚಿಂಚೋಳಿಯ ದೂರದ ಹಳ್ಳಿಗಳಿಗೆ ಹೋಗುವವರು 154 ಕಿ.ಮೀ. ಎಂಬ ಪ್ರಮಾಣೀಕೃತ ಅಂಕಿಯೊಂದನ್ನೇ ನಂಬದೆ, ಬೇಸಿಗೆಯಲ್ಲಿ ಪೂರ್ಣ ಭಾರ ಹೇರಿ ಓಡಿಸಿ ನೋಡಿ ಕೊಳ್ಳುವುದು ಲೇಸು.