ಆ ಒಂದು ಸಂಖ್ಯೆಯನ್ನು ಕೈಬಿಡಬೇಡಿ

ಕೊಯಮತ್ತೂರು, ತಿರುಪ್ಪೂರು ಸೀಮೆಯ ಕನ್ನಡ ಮನೆಗಳವರಿಗೆ ಪೀಳಮೇಡಿನ ಆಸ್ಪತ್ರೆಗಳು ಹೊಸವಲ್ಲ. ಮನೆಯಲ್ಲಿ ಕನ್ನಡ, ವೈದ್ಯರೊಡನೆ ತಮಿಳು, ಕೈಗೆ ಬರುವ ರಿಪೋರ್ಟು ಇಂಗ್ಲಿಷು. ಅಕ್ರೊಮೆಗಲಿ ಇರುವವರ ರಿಪೋರ್ಟಿನಲ್ಲಿ ಬರುವ ಐಜಿಎಫ್-1 ಎಂಬ ಒಂದು ಸಂಖ್ಯೆಯ ಬಗ್ಗೆ ತಮ್ಮಲ್ಲಿ ಈ ಮನವಿ.

ಅಕ್ರೊಮೆಗಲಿ ಅಪರೂಪದ ಕಾಯಿಲೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಸಣ್ಣ ಗಡ್ಡೆಯೊಂದು ಬೆಳೆಯುತ್ತದೆ. ಅದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಆದರೆ ಬೆಳವಣಿಗೆಯ ಹಾರ್ಮೋನನ್ನು ಮಿತಿಮೀರಿ ಸ್ರವಿಸುತ್ತದೆ. ಉಂಗುರ ಬಿಗಿಯಾಗುತ್ತದೆ, ಬಳೆ ಕೈಗೇರುವುದಿಲ್ಲ, ಚಪ್ಪಲಿಯ ಅಳತೆ ಏರುತ್ತದೆ, ಹಲ್ಲುಗಳ ನಡುವೆ ಸಂದು ಬೀಳುತ್ತದೆ. ಜೊತೆಗೆ ತಲೆನೋವು, ವಿಪರೀತ ಬೆವರು, ಸಕ್ಕರೆ ಕಾಯಿಲೆ. ದಿನವೂ ನೋಡುವವರಿಗೆ ಈ ಬದಲಾವಣೆ ತಿಳಿಯದು. ವರ್ಷಗಳ ನಂತರ ಬಂದ ನೆಂಟರೇ ಮೊದಲು ಗುರುತಿಸುವುದುಂಟು.

ಬೆಳವಣಿಗೆಯ ಹಾರ್ಮೋನು ರಕ್ತದಲ್ಲಿ ಗಳಿಗೆಗೊಮ್ಮೆ ಏರಿಳಿಯುತ್ತದೆ. ಒಂದು ಸಲದ ಅಳತೆಯನ್ನು ನಂಬುವಂತಿಲ್ಲ. ಆ ಹಾರ್ಮೋನಿನ ಪ್ರಭಾವದಿಂದ ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗುವ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನು ಮಾತ್ರ ದಿನವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಕಾಯಿಲೆ ಎಷ್ಟು ಚುರುಕಾಗಿದೆ ಎಂದು ವೈದ್ಯರು ಅಳೆಯುವುದು ಹೆಚ್ಚಾಗಿ ಇದರಿಂದಲೇ. ಸಂದೇಹ ಉಳಿದರೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಬೆಳವಣಿಗೆಯ ಹಾರ್ಮೋನು ಇಳಿಯುತ್ತದೆಯೇ ಎಂದು ನೋಡುವುದುಂಟು.

ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯಾಗಿ ತಲೆನೋವು ನಿಂತಿತೆಂದು ಐಜಿಎಫ್-1 ಪರೀಕ್ಷೆ ನಿಲ್ಲಿಸಬೇಡಿ. ಶಸ್ತ್ರಚಿಕಿತ್ಸೆಯಾದ ಸುಮಾರು 12 ವಾರಗಳ ನಂತರ ಒಮ್ಮೆ, ಆಮೇಲೆ ವೈದ್ಯರು ಹೇಳಿದಾಗಲೆಲ್ಲ ಮಾಡಿಸಿ. ಮೈ ಹಗುರಾದರೂ ಐಜಿಎಫ್-1 ಏರಿಯೇ ಇರಬಹುದು. ಸಾಧ್ಯವಾದಷ್ಟೂ ಒಂದೇ ಲ್ಯಾಬಿಗೆ ಹೋಗಿ. ಲ್ಯಾಬು ಬದಲಾದರೆ ಅಳತೆಯೂ ಬದಲಾದೀತು. ಈ ಕಾಯಿಲೆಗೆ ತಿಂಗಳ ಚುಚ್ಚುಮದ್ದು ತೆಗೆದುಕೊಳ್ಳುವವರು ಮುಂದಿನ ಚುಚ್ಚುಮದ್ದಿಗೆ ತುಸು ಮುಂಚೆ ರಕ್ತ ಕೊಡುವುದು ವಾಡಿಕೆ. ಗರ್ಭನಿರೋಧಕ ಮಾತ್ರೆ, ಕೂದಲಿಗೆಂದು ನುಂಗುವ ಬಯೋಟಿನ್, ಹತೋಟಿಗೆ ಬಾರದ ಸಕ್ಕರೆ, ಯಕೃತ್ತಿನ ತೊಂದರೆ ಇದ್ದರೆ ಮೊದಲೇ ತಿಳಿಸಿ. ಇವು ಫಲಿತಾಂಶವನ್ನು ದಾರಿ ತಪ್ಪಿಸಬಲ್ಲವು. ಬಯೋಟಿನ್ ವಿಷಯವನ್ನು ಯಾರೂ ಕೇಳದೆ ಇರಬಹುದು, ಆದ್ದರಿಂದ ನೀವೇ ಹೇಳುವುದು ಒಳ್ಳೆಯದು.

ಜೊತೆಗೆ ಹೋಗುವ ಮಗ, ಮಗಳು, ಸೊಸೆಯರಲ್ಲಿ ಇನ್ನೊಂದು ಬೇಡಿಕೆ. ಐಜಿಎಫ್-1ರ ಸರಿಯಾದ ಮಟ್ಟ ವಯಸ್ಸಿಗೆ ತಕ್ಕಂತೆ ಬೇರೆಯಾಗುತ್ತದೆ. ಇಪ್ಪತ್ತರ ಹುಡುಗನದು ಅರವತ್ತರ ಅಜ್ಜನಿಗೆ ಹೊಂದದು. “ಇದು ಅವರ ವಯಸ್ಸಿಗೆ ಸರಿಯಾಗಿದೆಯೇ?” ಎಂದು ವೈದ್ಯರನ್ನು ಕೇಳಿ. ಹಳೆಯ ರಿಪೋರ್ಟುಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ, ಬದಲಾವಣೆ ಹೋಲಿಸಿ ನೋಡಲು ಹತ್ತು ವರ್ಷ ಹಿಂದಿನ ಒಂದು ಫೋಟೋ ಸಮೇತ.