ಹಳಿ ಹೋದರೂ ಉಳಿದ ಹಾದಿ

ಕಳೆದ ಆಗಸ್ಟ್‌ನಲ್ಲಿ ಮಗಳ ಸಂಸಾರದೊಡನೆ ಕೆನಡಾದ ಅತಿ ಚಿಕ್ಕ ಪ್ರಾಂತವಾದ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ ಕಾರಿನಲ್ಲಿ ಪ್ರವಾಸ ಹೋಗಿದ್ದೆ. 1997ರಲ್ಲಿ ತೆರೆದ, 12.9 ಕಿ.ಮೀ. ಉದ್ದದ ಕಾನ್ಫೆಡರೇಷನ್ ಸೇತುವೆಯನ್ನು ದಾಟಿ ಒಳಬರುವವರಿಗೆ ಸುಂಕವಿಲ್ಲ. ಹೊರಡುವಾಗ ಮಾತ್ರ ವಸೂಲಿ. ಬಂದ ಅತಿಥಿ ಎಂದಾದರೂ ಹೊರಡಲೇಬೇಕೆಂಬ ಈ ಲೆಕ್ಕಾಚಾರ ಅರ್ಥಶಾಸ್ತ್ರ ಓದಿದ ನನಗೆ ಹಿಡಿಸಿತು. ಮೂರು ದಿನ ಸುತ್ತಿದ ಮೇಲೆ ಒಂದು ಬೆಳಿಗ್ಗೆ ಕಾರಿಗೆ ವಿಶ್ರಾಂತಿ ಕೊಟ್ಟು, ಸೇಂಟ್ ಪೀಟರ್ಸ್ ಬೇ ಎಂಬ ಪುಟ್ಟ ಊರಿನಲ್ಲಿ ಬಾಡಿಗೆ ಸೈಕಲ್ ಹಿಡಿದೆವು.

ಅರವತ್ತು ದಾಟಿದವನಿಗೆ ಸೈಕಲ್ಲೆಂದರೆ ಮೊದಲು ನೆನಪಾಗುವುದು ಮಂಡಿನೋವು. ಆದರೆ ಆ ಹಾದಿಯಲ್ಲಿ ಏರು ಎಂಬುದು ಇಲ್ಲವೇ ಇಲ್ಲ ಎನ್ನಬೇಕು. ಪುಡಿಗಲ್ಲು ಹಾಸಿದ ನೆಲ. ಒಂದು ಬದಿಗೆ ಕೊಲ್ಲಿ, ಅದರಲ್ಲಿ ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವ ಜಾತಿಯ ಚಿಪ್ಪುಜೀವಿಗಳನ್ನು ಸಾಕುವವರು ತೇಲಿಬಿಟ್ಟ ಬುರುಡೆಗಳ ಸಾಲು. ಹಾದಿ ಮಾತ್ರ ನೆಟ್ಟಗೆ ಹೋಗದು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬಾಗುತ್ತ ಸಾಗುತ್ತದೆ. ಮೊಮ್ಮಗ ಪ್ರತಿ ತಿರುವಿನಲ್ಲೂ ಗಂಟೆ ಬಾರಿಸುತ್ತಿದ್ದ.

ಈ ಬಾಗುವಿಕೆಗೊಂದು ಇತಿಹಾಸವಿದೆ. ಇದು ಹಳೆಯ ರೈಲುಮಾರ್ಗ. 1871ರಲ್ಲಿ ಕಾಮಗಾರಿ ಆರಂಭವಾದಾಗ ಗುತ್ತಿಗೆದಾರರಿಗೆ ಮೈಲಿಯ ಲೆಕ್ಕದಲ್ಲಿ ಹಣ ಗೊತ್ತಾಗಿತ್ತೇ ಹೊರತು ಒಟ್ಟು ಉದ್ದಕ್ಕೆ ಮಿತಿ ಇರಲಿಲ್ಲ. ದಿಬ್ಬ ಕಡಿಯುವುದಕ್ಕಿಂತ ಅದನ್ನು ಬಳಸಿ ಹೋಗುವುದು ಅಗ್ಗ. ಮೇಲಾಗಿ ಮೈಲಿಯೂ ಹೆಚ್ಚು. ಬಿಲ್ಲುಗಳನ್ನು ಪರಿಶೀಲಿಸಿ ಕಣ್ಣು ಸವೆಸಿದ ನನಗೆ ಈ ಜಾಣತನ ಹೊಸದೇನಲ್ಲ. ಸಾಲದ ಹೊರೆ ತಾಳಲಾರದೆ ಆ ಪುಟ್ಟ ವಸಾಹತು 1873ರಲ್ಲಿ ಕೆನಡಾ ಒಕ್ಕೂಟವನ್ನು ಸೇರಿತು. ಸಾಲವನ್ನು ಒಕ್ಕೂಟ ವಹಿಸಿಕೊಂಡಿತು.

1989ರ ಕೊನೆಗೆ ರೈಲು ನಿಂತಿತು, ಹಳಿಗಳನ್ನು ಕಿತ್ತರು. ಮುಂದಿನದು ನನ್ನನ್ನು ಹೆಚ್ಚು ಕಾಡಿದ ಸಂಗತಿ. ಆ ಕಿರಿದಾದ ನೆಲವನ್ನು ತುಂಡು ತುಂಡಾಗಿ ಅಕ್ಕಪಕ್ಕದ ಆಲೂಗಡ್ಡೆ ಹೊಲಗಳ ಒಡೆಯರಿಗೆ ಮಾರಬಹುದಿತ್ತು. ಹಾಗಾಗಲಿಲ್ಲ. ಪ್ರಾಂತೀಯ ಸರ್ಕಾರ ಅದನ್ನು ಕೊಂಡು ಇಡಿಯಾಗಿ ಉಳಿಸಿಕೊಂಡಿತು. ಇಂದು ಟಿಗ್ನಿಷ್‌ನಿಂದ ಎಲ್ಮೈರಾವರೆಗೆ 273 ಕಿ.ಮೀ. ಉದ್ದಕ್ಕೆ ಯಾರು ಬೇಕಾದರೂ ನಡೆಯಬಹುದು, ಸೈಕಲ್ ತುಳಿಯಬಹುದು. ಅಂಥ ಪಟ್ಟಿಯ ನಡುವೆ ಒಂದು ಫರ್ಲಾಂಗು ಕೈತಪ್ಪಿದರೂ ಉಳಿದದ್ದು ಹಾದಿಯಾಗಿ ಉಳಿಯದು. ಅದರ ಬೆಲೆ ಇರುವುದು ವಿಸ್ತೀರ್ಣದಲ್ಲಲ್ಲ, ಅಖಂಡತೆಯಲ್ಲಿ.

ಸೇವಾವಧಿಯಲ್ಲಿ ನಾನು ನೋಡಿದ ಗ್ರಾಮ ನಕಾಶೆಗಳಲ್ಲಿ ಬಂಡಿದಾರಿಗಳು ಚುಕ್ಕೆಗೆರೆಯಾಗಿ ಸ್ಪಷ್ಟವಾಗಿದ್ದವು. ಸ್ಥಳಕ್ಕೆ ಹೋದರೆ ಅಲ್ಲಿ ಜೋಳವೋ, ಕಲ್ಲುಕಂಬದ ಬೇಲಿಯೋ ಇರುತ್ತಿತ್ತು. ಒಬ್ಬ ವೃದ್ಧ ರೈತ ತನ್ನ ಹೊಲಕ್ಕೆ ಹೋಗಲು ದಾರಿಯಿಲ್ಲವೆಂದು ಮೂರು ವರ್ಷ ಕಚೇರಿಗೆ ಅಲೆದ. ಒತ್ತುವರಿ ತೆರವಿಗೆ ನಾನೇ ಆದೇಶ ಹೊರಡಿಸಿದ್ದೆ. ಅದು ಜಾರಿಯಾಗುವ ಮುನ್ನ ನನಗೆ ವರ್ಗವಾಯಿತು, ಆಮೇಲೆ ವಿಚಾರಿಸಲಿಲ್ಲ. ವಿಚಾರಿಸಬೇಕಿತ್ತು.

ಮಧ್ಯಾಹ್ನ ಕೊಲ್ಲಿಯ ಆಚೆಯ ಗ್ರೀನ್‌ವಿಚ್ ಕಡಲತೀರಕ್ಕೆ ಹೋದೆವು. ಅಲ್ಲಿಯ ಮರಳುದಿಬ್ಬಗಳನ್ನು 1998ರಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿಸಲಾಗಿದೆ. ಕೊಳವೊಂದರ ಮೇಲೆ ತೇಲುವ ಮರದ ಹಲಗೆಯ ದಾರಿ. ಅದನ್ನು ಬಿಟ್ಟು ದಿಬ್ಬದ ಹುಲ್ಲನ್ನು ತುಳಿಯುವಂತಿಲ್ಲ. ಆ ಹುಲ್ಲಿನ ಬೇರೇ ಮರಳನ್ನು ಹಿಡಿದಿಟ್ಟಿರುವುದು. ಕಾವಲಿನವರು ಯಾರೂ ಕಣ್ಣಿಗೆ ಬೀಳಲಿಲ್ಲ, ಹಲಗೆ ಬಿಟ್ಟು ಇಳಿದವರೂ ಕಾಣಲಿಲ್ಲ. ಮಗಳು, ಮೊಮ್ಮಗ ನೀರಿಗಿಳಿದರು. ನಾನು ಪ್ಯಾಂಟು ಮಡಚಿ ಮೊಣಕಾಲಿನವರೆಗೆ ನಿಂತೆ. ಬೆಳಗಿನ ಸವಾರಿಗೆ ನೋಯಬೇಕಾಗಿದ್ದ ಮಂಡಿ ನೋಯುತ್ತಿರಲಿಲ್ಲ. ಹೆಚ್ಚು ಮೈಲಿಗೆ ಬಿಲ್ಲು ಬರೆದ ಆ ಗುತ್ತಿಗೆದಾರರಿಗೆ ಮನಸ್ಸಿನಲ್ಲೇ ಕೃತಜ್ಞತೆ ಹೇಳಿದೆ, ಲೆಕ್ಕಪರಿಶೋಧಕರು ಕ್ಷಮಿಸಲಿ.