ಬಲೆ ಬಿದ್ದಾಯ್ತು, ಇನ್ನು ಕಲಿಯೋಕಾಗಲ್ಲ ಅನ್ನೋ ನೆಪ

ಹೋದ ತಿಂಗಳು ಹಾಸ್ಟೆಲ್ ಮೆಸ್ಸಿನಲ್ಲಿ ಒಂದು ರೀಲ್ ಫೋನಿಂದ ಫೋನಿಗೆ ಓಡಾಡಿತು. ಮೆದುಳಿನ ನ್ಯೂರಾನ್‌ಗಳ ಸುತ್ತ ಒಂದು ಬಲೆ ಬೆಳೆಯುತ್ತದೆ, ಬಾಲ್ಯ ಮುಗಿಯುವ ಹೊತ್ತಿಗೆ ಅದು ಗಟ್ಟಿಯಾಗುತ್ತದೆ, ಆಮೇಲೆ ಹೊಸ ಭಾಷೆಯಾಗಲಿ ಹೊಸ ಆಟವಾಗಲಿ ಸರಿಯಾಗಿ ತಲೆಗೆ ಹತ್ತುವುದಿಲ್ಲ ಅಂತ ಮೂವತ್ತು ಸೆಕೆಂಡಿನಲ್ಲಿ ತೀರ್ಪು. ಹತ್ತೊಂಬತ್ತು ವರ್ಷದ ನಮಗೆ ಇದನ್ನು ಕೇಳಿ ಬೇಜಾರಾಗಬೇಕಿತ್ತು. ನಿಜ ಹೇಳಬೇಕಂದ್ರೆ, ಒಂಥರಾ ನೆಮ್ಮದಿಯಾಯಿತು.

ಯಾಕೆ ಅಂತ ಹೇಳ್ತೀವಿ. ನಮ್ಮಲ್ಲಿ ಅರ್ಧಕ್ಕರ್ಧ ಜನ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಕೊಡವ ತಕ್ಕ್ ಆಡುವ ಮನೆಗಳಲ್ಲಿ ಅಪ್ಪ, ಅವ್ವ ‘ಮಕ್ಕಳಿಗೆ ಶಾಲೆಯಲ್ಲಿ ಕಷ್ಟ ಆಗಬಾರದು’ ಅಂತ ನಮ್ಮ ಹತ್ತಿರ ಇಂಗ್ಲಿಷೋ ಕನ್ನಡವೋ ಮಾತಾಡಿದರು. ಅರೆಭಾಷೆ, ತುಳು, ಮಲಯಾಳ ಮನೆಯವರದ್ದೂ ಹೆಚ್ಚು ಕಡಿಮೆ ಇದೇ ಕತೆ. ಈಗ ಹಬ್ಬಕ್ಕೆ ಊರಿಗೆ ಹೋದರೆ ದೊಡ್ಡವರು ಕೇಳಿದ್ದು ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತೆ. ಈ ಲೇಖನವನ್ನೇ ನೋಡಿ, ಒತ್ತಕ್ಷರ ಸರಿ ಇದೆಯಾ ಅಂತ ಮೂರು ಜನರಿಗೆ ತೋರಿಸಿ ಕಳಿಸ್ತಿದ್ದೀವಿ. ಇಂಥವರ ಹತ್ತಿರ ವಿಜ್ಞಾನವೇ ಬಂದು ‘ತಪ್ಪು ನಿಮ್ಮದಲ್ಲ, ಮೆದುಳಿನದ್ದು’ ಅಂದರೆ ಯಾರಿಗೆ ಬೇಡ?

ಆದರೆ ಎಂಜಿನಿಯರಿಂಗ್ ಓದುವವರು ರೀಲನ್ನು ಡೇಟಾಶೀಟ್ ಅಂತ ನಂಬಬಾರದು ಅಲ್ವಾ. ಹುಡುಕಿ ಓದಿದೆವು. ಓದಿದ ಮೇಲೆ ನಮಗನ್ನಿಸಿದ್ದು, ಬಲೆ ನಿಜ, ಆದರೆ ನಾವು ಅದನ್ನು ಹಿಡಿದುಕೊಂಡು ಹೇಳುತ್ತಿರುವ ನೆಪ ಸುಳ್ಳು.

ಬಲೆಯ ಹೆಸರು ಪೆರಿನ್ಯೂರೋನಲ್ ನೆಟ್. ಇಟಲಿಯ ಕಮಿಲ್ಲೊ ಗಾಲ್ಜಿ 1890ರ ದಶಕದಲ್ಲೇ ಇದನ್ನು ಮೈಕ್ರೋಸ್ಕೋಪಿನಲ್ಲಿ ಕಂಡು ಬರೆದಿದ್ದರು. ಅವರ ಎದುರಾಳಿ, ಸ್ಪೇನಿನ ರಮೋನ್ ಇ ಕಾಹಾಲ್, ಅದು ಬಣ್ಣ ಹಾಕುವಾಗ ಆದ ಎಡವಟ್ಟು ಅಂದರು. 1906ರಲ್ಲಿ ಒಂದೇ ನೊಬೆಲನ್ನು ಇಬ್ಬರಿಗೂ ಹಂಚಿದರು. ಬಲೆಯನ್ನು ಮಾತ್ರ ಎಷ್ಟೋ ದಶಕ ಹೆಚ್ಚಿನವರು ಮರೆತೇಬಿಟ್ಟರು. ಅದು ಪ್ರೋಟೀನ್ ಮತ್ತು ಸಕ್ಕರೆಯ ಉದ್ದ ಸರಪಳಿಗಳಿಂದ ಹೆಣೆದದ್ದು. ಆ ಸರಪಳಿಗಳಲ್ಲಿ ಮುಖ್ಯವಾದದ್ದು ಕಾಂಡ್ರಾಯ್ಟಿನ್ ಸಲ್ಫೇಟ್. ಮನೆಯಲ್ಲಿ ದೊಡ್ಡವರು ಮಂಡಿನೋವಿಗೆ ತಗೊಳ್ಳುವ ಕೆಲವು ಮಾತ್ರೆಗಳ ಡಬ್ಬಿ ಮೇಲೂ ಈ ಹೆಸರು ಕಾಣಿಸುತ್ತೆ, ಯಾಕಂದ್ರೆ ಕೀಲಿನ ಕಾರ್ಟಿಲೇಜಿನಲ್ಲೂ ಇದೇ ವಸ್ತು ಇದೆ. (ಹಾಗಾದರೆ ಆ ಮಾತ್ರೆ ತಿಂದರೆ ಎಂ-3 ಪಾಸಾಗ್ತೀನಾ ಅಂತ ಒಬ್ಬ ಕೇಳಿದ. ಇಲ್ಲ ಮಾರಾಯ.)

ಈ ಬಲೆ ಎಲ್ಲಾ ನ್ಯೂರಾನ್‌ಗಳ ಸುತ್ತ ಇರೋದಿಲ್ಲ. ಬೇರೆ ನ್ಯೂರಾನ್‌ಗಳಿಗೆ ಬ್ರೇಕ್ ಹಾಕುವ, ಬಹಳ ವೇಗವಾಗಿ ಫೈರ್ ಆಗುವ ಒಂದು ಜಾತಿಯ ನ್ಯೂರಾನ್‌ಗಳ ಸುತ್ತ ಜಾಸ್ತಿ. ಬಲೆಯಲ್ಲಿ ತೂತುಗಳಿರುತ್ತವೆ, ಬೇರೆ ನ್ಯೂರಾನ್‌ಗಳ ಸಂಪರ್ಕ, ಅಂದ್ರೆ ಸೈನಾಪ್ಸ್, ಆ ತೂತುಗಳಲ್ಲಿ ಬಂದು ಕೂರುತ್ತದೆ. ಬಲೆ ಬಲಿತ ಮೇಲೆ ಕೂತದ್ದು ಅಲುಗಾಡೋದು ಕಡಿಮೆ, ಹೊಸದಕ್ಕೆ ಜಾಗ ಸಿಗೋದೂ ಕಷ್ಟ.

ರೀಲ್ ಹೇಳಿದ್ದು ಇಷ್ಟನ್ನೇ, ಇದಕ್ಕೆ ಆಧಾರವೂ ಇದೆ. ಹ್ಯೂಬೆಲ್ ಮತ್ತು ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟು ನೋಡಿದರು. ಆಮೇಲೆ ಕಣ್ಣು ತೆರೆದರೂ ಮೆದುಳು ಆ ಕಣ್ಣಿನ ಮಾತು ಕೇಳಲಿಲ್ಲ. ದೊಡ್ಡ ಬೆಕ್ಕಿಗೆ ಹಾಗೆ ಮಾಡಿದರೆ ಏನೂ ಆಗಲಿಲ್ಲ. ಅಂದ್ರೆ ಕಲಿಯುವುದಕ್ಕೆ ಒಂದು ವಯಸ್ಸಿನ ಕಿಟಕಿ ಇದೆ. 2002ರಲ್ಲಿ ಪಿಜ್ಜೊರುಸ್ಸೊ ಮತ್ತು ಜೊತೆಗಾರರು ದೊಡ್ಡ ಇಲಿಗಳ ಮೆದುಳಿನಲ್ಲಿ ಕಾಂಡ್ರಾಯ್ಟಿನೇಸ್ ಅನ್ನೋ ಎಂಜೈಮ್ ಹಾಕಿ ಬಲೆಯನ್ನು ಕರಗಿಸಿದರು. ಮುಚ್ಚಿದ್ದ ಕಿಟಕಿ ಮತ್ತೆ ತೆರೆಯಿತು. ರೀಲ್ ಇಲ್ಲಿಗೆ ಮುಗಿಯುತ್ತೆ. ಕೆಳಗೆ ಕಮೆಂಟಲ್ಲಿ ಆ ಎಂಜೈಮ್ ಎಲ್ಲಿ ಸಿಗುತ್ತೆ ಅಂತ ಕೇಳುವವರ ಸಾಲು.

ಸಿಕ್ಕರೂ ಬೇಡ ಅಂತೀವಿ, ಯಾಕಂದ್ರೆ ಮುಂದಿನ ಕತೆ ಬೇರೆ ಇದೆ. 2020ರಲ್ಲಿ ಬಂದ ಒಂದು ಕೆಲಸದಲ್ಲಿ ಕರುಲ್ಲಿ ಮತ್ತು ಸಂಗಡಿಗರು ಇಲಿಗಳಿಗೆ ಒಂದು ಸಣ್ಣ ಚಲನೆ ಕಲಿಸಿದರು. ಒಂದು ಸೂಚನೆ ಕೊಡೋದು, ಹಿಂದೆಯೇ ಕಣ್ಣಿಗೆ ಗಾಳಿ ಊದೋದು. ಸ್ವಲ್ಪ ದಿನದಲ್ಲಿ ಸೂಚನೆ ಸಿಕ್ಕ ಕೂಡಲೇ ಇಲಿ ಕಣ್ಣು ಮುಚ್ಚೋದು ಕಲಿಯುತ್ತೆ. ಇದು ನಡೆಯೋದು ಸೆರೆಬೆಲ್ಲಮ್‌ನಲ್ಲಿ, ಅಂದ್ರೆ ತಲೆಯ ಹಿಂಭಾಗದಲ್ಲಿ ಕೂತು ನಮ್ಮ ಚಲನೆಯನ್ನು ತಿದ್ದುವ ಭಾಗದಲ್ಲಿ. ಅವರು ಅಲ್ಲಿ ನೋಡಿದ್ದೇನು ಗೊತ್ತಾ? ಇಲಿ ಕಲಿಯುತ್ತಿರುವಾಗ ಬಲೆ ತಾನಾಗಿಯೇ ತೆಳ್ಳಗಾಗಿತ್ತು. ಕಲಿತು ನೆನಪು ಕೂತ ಮೇಲೆ ಮತ್ತೆ ಮೊದಲಿನ ಹಾಗಾಗಿತ್ತು. ಎಂಜೈಮ್ ಬಳಸಿ ಬಲೆ ಕರಗಿಸಿದ ಇಲಿಗಳು ಚೆನ್ನಾಗಿಯೇ ಕಲಿತವು, ಆದರೆ ಕಲಿತದ್ದು ಉಳಿಯಲಿಲ್ಲ. (ಇಂಟರ್ನಲ್ಸ್ ಹಿಂದಿನ ರಾತ್ರಿ ಓದುವ ನಮಗೆ ಈ ಇಲಿಗಳ ಮೇಲೆ ವಿಶೇಷ ಪ್ರೀತಿ ಹುಟ್ಟಿತು.)

ಇಡೀ ವಿಷಯದಲ್ಲಿ ನಮಗೆ ಹಿಡಿಸಿದ್ದು ಇದು. ಆ ಇಲಿಗಳು ದೊಡ್ಡವು, ಬಲೆ ಬಲಿತವು. ಆದರೂ ದಿನಾ ಒಂದೇ ಕೆಲಸ ಮಾಡಿಸಿದರೆ ಮೆದುಳು ತಾನೇ ಬಲೆಯನ್ನು ಸಡಿಲಿಸಿ ಜಾಗ ಮಾಡಿಕೊಡುತ್ತೆ, ಆಮೇಲೆ ಬಿಗಿ ಮಾಡಿ ಕಾಪಾಡುತ್ತೆ. ಇಲಿಯದ್ದೆಲ್ಲ ಮನುಷ್ಯರಿಗೆ ಹೊಂದುತ್ತಾ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ‘ಇನ್ನು ಆಗಲ್ಲ’ ಅಂತ ರೀಲ್ ಹೇಳಿದ್ದೂ ಇಲಿ ನೋಡಿಯೇ. ಒಂದು ಇಲಿಯನ್ನು ನಂಬಿ ಇನ್ನೊಂದನ್ನು ಬಿಡೋದು ಯಾವ ನ್ಯಾಯ?

ಮನುಷ್ಯರದ್ದೇ ಬೇಕು ಅಂದ್ರೆ ನಮ್ಮ ಜಿಲ್ಲೆಯಲ್ಲಿ ಪ್ರತಿ ವರ್ಷ ಬೇಸಿಗೆಯಲ್ಲಿ ಸಿಗುತ್ತಾರೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳಿಗೆ ಮುಟ್ಟಿತು. ಒಂದೇ ಟೀಮಿನಲ್ಲಿ ಅಜ್ಜ, ಸೊಸೆ, ಮೊಮ್ಮಗ ಆಡ್ತಾರೆ. ಗ್ಯಾಲರಿಯಲ್ಲಿ ಕೂತು ನಾವು ಗಮನಿಸಿದ್ದು ಏನಂದ್ರೆ, ಮೂವತ್ತು ವರ್ಷ ಆಫೀಸಿನಲ್ಲಿ ಕೂತು ಬಂದ ಮಾವಂದಿರಿಗೆ ಓಡೋಕೆ ಉಸಿರಿಲ್ಲ, ಆದರೆ ಚೆಂಡು ಸ್ಟಿಕ್ಕಿಗೆ ತಾಗಿದ ಕೂಡಲೇ ಮಣಿಕಟ್ಟು ತಾನಾಗಿ ತಿರುಗುತ್ತೆ. ಕಾಫಿ ಕಣದಲ್ಲಿ ಮುರಿದ ಸ್ಟಿಕ್ ಹಿಡಿದು ಕಲಿತದ್ದು ಇನ್ನೂ ಕೈಯಲ್ಲಿದೆ. ಅದೆಲ್ಲ ಬಲೆಯದ್ದೊಂದೇ ಮಹಿಮೆ ಅನ್ನೋಕಾಗಲ್ಲ, ಆದರೆ ಬಲೆ ಇರೋದು ಇಂಥದ್ದನ್ನು ಕಾಯೋಕೆ ಅನ್ನೋದು ಅದನ್ನು ನೋಡಿದರೆ ನಂಬಬಹುದು.

ಇನ್ನು ಕಣದಲ್ಲಿ ಆಡದೆ ಟ್ಯೂಷನ್ನಿಗೆ ಹೋದವರು, ಅಂದ್ರೆ ನಾವು. ಹೋದ ವರ್ಷ ಜನವರಿಯಲ್ಲಿ ಸ್ಟಿಕ್ ಹಿಡಿದೆವು. ಮೊದಲ ತಿಂಗಳು ಚೆಂಡು ಕಾಲ ಕೆಳಗೇ ಹೋಗುತ್ತಿತ್ತು. ಮಾರ್ಚ್ ಹೊತ್ತಿಗೆ ಟ್ರ್ಯಾಪ್ ಮಾಡೋದು ಬಂತು. ಚಂದ ಇಲ್ಲ, ಆದರೆ ಬಂತು. ಜೂನಲ್ಲಿ ಮಳೆ ಹಿಡಿಯಿತು, ಅಲ್ಲಿಗೆ ನಿಂತಿತು ಅನ್ನೋದೂ ನಿಜ.

ಇನ್ನೊಂದು ಇಲಿ ಕತೆ ಹೇಳಿ ಇಲಿಗಳನ್ನು ಬಿಡ್ತೀವಿ. 2009ರಲ್ಲಿ ಬೆನ್ನುಹುರಿಗೆ ಪೆಟ್ಟಾದ ಇಲಿಗಳಿಗೆ ಇದೇ ಎಂಜೈಮ್ ಕೊಟ್ಟು ಪರೀಕ್ಷೆ ಮಾಡಿದರು. ಮುಂಗಾಲಿನಿಂದ ಕಾಳು ಎತ್ತುವ ಅಭ್ಯಾಸ ದಿನಾ ಮಾಡಿಸಿದ ಇಲಿಗಳು ಆ ಕೆಲಸದಲ್ಲಿ ಚೆನ್ನಾಗಿ ಸುಧಾರಿಸಿದವು. ಸುಮ್ಮನೆ ಓಡಾಡಿಕೊಂಡಿರಲು ಬಿಟ್ಟ ಇಲಿಗಳು ಕಾಳು ಎತ್ತೋದರಲ್ಲಿ ಇನ್ನೂ ಹಿಂದೆ ಬಿದ್ದವು. ಬಾಗಿಲು ತೆರೆದರೆ ಸಾಲದು, ಒಳಗೆ ಯಾವ ಕೆಲಸ ಬರುತ್ತೋ ಅದೇ ಕೂರುತ್ತೆ.

ಇದನ್ನು ಭಾಷೆಗೆ ಇಟ್ಟು ನೋಡಿ. ಕೊಡವ ತಕ್ಕ್‌ನಲ್ಲಿ ಕನ್ನಡದಲ್ಲಿಲ್ಲದ ಸ್ವರಗಳಿವೆ, ನಾಲಗೆಯನ್ನು ಸ್ವಲ್ಪ ಹಿಂದಕ್ಕೆಳೆದು, ತುಟಿ ಗುಂಡಗೆ ಮಾಡದೆ ಹೇಳುವಂಥವು. ಕನ್ನಡ ಅಕ್ಷರಮಾಲೆಯಲ್ಲಿ ಅವಕ್ಕೆ ಅಕ್ಷರವೇ ಇಲ್ಲ. ಚಿಕ್ಕಂದಿನಲ್ಲಿ ಆಡದ ನಮಗೆ ಅದು ಬರೋದು ಕಷ್ಟ, ಒಪ್ತೀವಿ. ಆದರೆ ಕೆನಡಾದಲ್ಲಿ ಹುಟ್ಟಿದ ಮರ್ರಿ ಎಮೆನೋ ಭಾರತಕ್ಕೆ ಬಂದದ್ದು 1935ರಲ್ಲಿ, ಆಗ ಅವರಿಗೆ 31 ವರ್ಷ. ಅವರು ಕೊಡವ ಮಾತಾಡುವವರ ಜೊತೆ ಕೂತು, ಕಿವಿಗೊಟ್ಟು ಕೇಳಿ ಆ ಸ್ವರಗಳನ್ನು ಬೇರ್ಪಡಿಸಿ ಬರೆದರು. ಮೂವತ್ತೊಂದರ ಕಿವಿಗೆ ಸಿಕ್ಕಿದ್ದು ಹತ್ತೊಂಬತ್ತರ ಕಿವಿಗೆ ಸಿಗಲ್ಲ ಅಂದ್ರೆ ಹೇಗೆ?

2001ರ ಜನಗಣತಿಯಲ್ಲಿ ಕೊಡವ ಮಾತೃಭಾಷೆ ಅಂತ ಲೆಕ್ಕಕ್ಕೆ ಸಿಕ್ಕವರು 1,66,187. 2011ರಲ್ಲಿ 1,13,857. ಬರೆಸುವಾಗಿನ ಗೊಂದಲವೂ ಇದರಲ್ಲಿ ಸೇರಿರಬಹುದು. ಆದರೂ ಇಷ್ಟು ವ್ಯತ್ಯಾಸಕ್ಕೆ ಮೆದುಳಿನ ಬಲೆಯನ್ನು ದೂರೋಕಾಗಲ್ಲ. ಬಲೆ ಅಜ್ಜನ ಕಾಲದಲ್ಲೂ ಇತ್ತು.

ನಮ್ಮನ್ನು ಕೇಳಿದರೆ ನಿಜವಾದ ಅಡ್ಡಿ ನಗು. ಹಬ್ಬದ ದಿನ ಧೈರ್ಯ ಮಾಡಿ ಒಂದು ವಾಕ್ಯ ಆಡ್ತೀವಿ, ಸ್ವರ ತಪ್ಪುತ್ತೆ, ಇಡೀ ಐನ್‌ಮನೆ ನಗುತ್ತೆ. ಅವರದ್ದು ಪ್ರೀತಿಯ ನಗುವೇ. ಆದರೆ ನಾವು ಅಲ್ಲಿಂದ ಇಂಗ್ಲಿಷಿಗೆ ಜಾರಿಬಿಡ್ತೀವಿ, ಆ ವರ್ಷದ ಅಭ್ಯಾಸ ಒಂದೇ ವಾಕ್ಯಕ್ಕೆ ಮುಗಿಯುತ್ತೆ. ಬೇರೆಯವರನ್ನು ದೂರುವ ಮೊದಲು ಇದನ್ನೂ ಹೇಳಬೇಕು: ಬಿಹಾರದಿಂದ ಬಂದ ನಮ್ಮ ಕ್ಲಾಸ್‌ಮೇಟ್ ಫಸ್ಟ್ ಸೆಮ್ಮಿನಲ್ಲಿ ಮೆಸ್ ಅಣ್ಣನ ಹತ್ತಿರ ಕನ್ನಡದಲ್ಲಿ ಸಾರು ಕೇಳಿದ. ನಾವು ಅದನ್ನು ಅನುಕರಣೆ ಮಾಡಿ ಸೆಮಿಸ್ಟರ್ ಪೂರ್ತಿ ನಕ್ಕೆವು. ಈಗ ಅವನು ಸಾರಿನ ಪಾತ್ರೆಗೆ ಬೆರಳು ತೋರಿಸ್ತಾನೆ, ಅಷ್ಟೇ. ಅವನ ಮೆದುಳು ಬಲೆ ಸಡಿಲಿಸಿ ಕಾಯ್ತಿತ್ತೋ ಏನೋ, ನಾವು ಬಾಗಿಲು ಹಾಕಿದೆವು. ಕನ್ನಡ ಕ್ಲಬ್ಬಿನವರು ಮಾಡಿದ ಕೆಲಸ ಇದು.

ಹಾಗಾಗಿ ಕ್ಲಬ್ಬಿಗೆ ನಮ್ಮದೊಂದು ಬೇಡಿಕೆ. ನವೆಂಬರ್ ಒಂದರ ಬಾವುಟ, ಡಿಜೆ ಎಲ್ಲಾ ಇರಲಿ. ಅದರ ಜೊತೆಗೆ ದಿನಾ ಊಟ ಆದ ಮೇಲೆ ಅರ್ಧ ಗಂಟೆ ಒಂದು ಟೇಬಲ್ ಬಿಡಿಸಿ. ಕನ್ನಡ ಬಾರದವರಿಗೆ ಕನ್ನಡ, ಮನೆ ಮಾತು ಬಿಟ್ಟುಹೋದವರಿಗೆ ಮನೆ ಮಾತು. ತಪ್ಪಿದರೆ ತಿದ್ದಿ, ನಗಬೇಡಿ, ಇಂಗ್ಲಿಷಿಗೆ ಜಾರಲು ಬಿಡಬೇಡಿ. ವಾರಕ್ಕೊಮ್ಮೆ ಎರಡು ಗಂಟೆ ಬೇಡ, ದಿನಾ ಬೇಕು. ಆ ಬಿಹಾರದ ಗೆಳೆಯನನ್ನು ಕರೆಯುವ ಕೆಲಸ ನಮ್ಮದು, ಮೊದಲು ಕ್ಷಮೆ ಕೇಳಿ.

ನಮಗೆ ಅವಸರ ಇರೋದಕ್ಕೆ ಕಾರಣ ಮನೆಯಲ್ಲಿದೆ. ಕೊಡವ ಮನೆಗಳಲ್ಲಿ ಅಜ್ಜಿಗೆ ತಾಯಿ ಅಂತೀವಿ. ನಮ್ಮ ತಾಯಿಗೆ ಈಗ ಬೆಳಿಗ್ಗೆ ಏನು ತಿಂದೆ ಅನ್ನೋದು ಮಧ್ಯಾಹ್ನಕ್ಕೆ ಮರೆತಿರುತ್ತೆ. ಆದರೆ ಗದ್ದೆ ಬದುವಿನ ಮೇಲೆ ಶಾಲೆಗೆ ನಡೆದದ್ದು, ಯಾವ ತಿರುವಿನಲ್ಲಿ ಜಿಗಣೆ ಜಾಸ್ತಿ ಅನ್ನೋದೆಲ್ಲ ನಿನ್ನೆಯದ್ದರ ಹಾಗೆ ಹೇಳ್ತಾರೆ. ಬಹಳ ಹಳೆಯ ನೆನಪುಗಳು ಬಲೆಯ ತೂತುಗಳ ವಿನ್ಯಾಸದಲ್ಲೇ ಬರೆದಿಟ್ಟಿರಬಹುದು ಅಂತ ನೊಬೆಲ್ ಪಡೆದ ರೋಜರ್ ಸಿಯೆನ್ 2013ರಲ್ಲಿ ಒಂದು ಊಹೆ ಮುಂದಿಟ್ಟಿದ್ದರು. ಊಹೆಯೇ ಇರಲಿ, ತಾಯಿ ಕತೆ ಹೇಳುವಾಗ ನಮಗೆ ಅದು ನೆನಪಾಗುತ್ತೆ. ತೊಂದರೆ ಏನಂದ್ರೆ ಮೊದಲು ನಮಗಾಗಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದವರು ಈಗ ಬರೀ ಕೊಡವದಲ್ಲೇ ಹೇಳ್ತಾರೆ, ನಮಗೆ ಅರ್ಧ ಸಿಗಲ್ಲ.

ಹೋದ ಸಲ ಊರಿಗೆ ಹೋದಾಗ ನಡುವೆ ತಡೆದು ಆ ಜಿಗಣೆ ತಿರುವಿನ ಹೆಸರು ಕೇಳಿದೆವು. ಹೇಳಿದರು. ನಾವು ಹೇಳಿದ್ದು ಸರಿಯಾಗಲಿಲ್ಲ. ಮತ್ತೆ ಹೇಳಿಸಿದರು. ನಾಲ್ಕು ಸಲ. ಐದನೇ ಸಲಕ್ಕೆ ತಲೆಯಾಡಿಸಿದರು. ಸರಿ ಬಂತಾ, ಇಲ್ಲ ಅವರಿಗೆ ಸಾಕಾಯಿತಾ, ಗೊತ್ತಾಗಲಿಲ್ಲ. ಪುತ್ತರಿಗೆ ಹೋದಾಗ ಮತ್ತೆ ಕೇಳಬೇಕು.